ಕೀಟನಾಶಕ ವಿಷ: ರಕ್ತದ ಅನಿಲ ಪರೀಕ್ಷೆ ರೋಗಿಯ ಮುಂದಿನ ಗತಿ ಹೇಳಬಲ್ಲದೇ?

ಕೀಟನಾಶಕ ದೇಹಕ್ಕೆ ಸೇರಿ ಆಸ್ಪತ್ರೆಗೆ ಬಂದವರು ಉಳಿಯುತ್ತಾರೋ ಇಲ್ಲವೋ ಎಂದು ಒಂದು ರಕ್ತ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಈ ಅರ್ಥದ ಸುದ್ದಿಗಳು ಆಗಾಗ ಬರುತ್ತವೆ. ಸ್ವಲ್ಪ ದಿನ ಬಿಟ್ಟು ಇನ್ನೊಂದು ಸುದ್ದಿ: ಅದೇ ಪರೀಕ್ಷೆಯನ್ನು ಪೂರ್ತಿ ನಂಬುವ ಹಾಗಿಲ್ಲ, ಇನ್ನೂ ದೊಡ್ಡ ಅಧ್ಯಯನಗಳು ಬೇಕು. ಓದುವವರಿಗೆ ಗೊಂದಲ ಆಗದೇ ಇರುತ್ತದಾ?

ಎರಡೂ ಸುದ್ದಿಗಳಲ್ಲಿ ಸತ್ಯ ಇದೆ. ಈ ಪರೀಕ್ಷೆ ಅಳೆಯುವುದು ರಕ್ತ ತೆಗೆದ ಆ ಹೊತ್ತಿನ ಸ್ಥಿತಿಯನ್ನು. ನಾಳೆ ಏನಾಗುತ್ತದೆ ಅನ್ನುವುದು ಅದರಿಂದ ನಾವು ಮಾಡುವ ಊಹೆ. ಅಳತೆ ಬಹಳ ನಿಖರ, ಊಹೆ ಅಷ್ಟು ನಿಖರ ಅಲ್ಲ. ಇವೆರಡನ್ನೂ ಒಂದೇ ಎಂದುಕೊಂಡಾಗ ಗೊಂದಲ ಶುರುವಾಗುತ್ತದೆ. ಜೀವ ಉಳಿಸುವ ಕೆಲಸದಲ್ಲಿ ಈ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತದೆ. ಹಾಗಾಗಿ ನಿಧಾನವಾಗಿ ಬಿಡಿಸಿ ನೋಡೋಣ.

ಎಬಿಜಿ ಏನನ್ನು ಅಳೆಯುತ್ತದೆ

ಸಾಮಾನ್ಯ ರಕ್ತ ಪರೀಕ್ಷೆಗೆ ಅಭಿಧಮನಿಯಿಂದ ರಕ್ತ ತೆಗೆಯುತ್ತಾರೆ. ಈ ಪರೀಕ್ಷೆಗೆ ಅಪಧಮನಿಯ ರಕ್ತ ಬೇಕು. ಹೆಚ್ಚಾಗಿ ಮಣಿಕಟ್ಟಿನಲ್ಲಿ ನಾಡಿ ಸಿಗುವ ಜಾಗದಿಂದಲೇ ತೆಗೆಯುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಇದನ್ನು ಎಬಿಜಿ (ಆರ್ಟೀರಿಯಲ್ ಬ್ಲಡ್ ಗ್ಯಾಸ್) ಎನ್ನುತ್ತಾರೆ. ಯಂತ್ರಕ್ಕೆ ಹಾಕಿದ ಕೆಲವೇ ನಿಮಿಷಗಳಲ್ಲಿ ರಿಪೋರ್ಟ್ ಕೈಗೆ ಬರುತ್ತದೆ.

ಆ ರಿಪೋರ್ಟ್‌ನಲ್ಲಿ ಮುಖ್ಯವಾಗಿ ಐದು ಅಂಕಿಗಳಿರುತ್ತವೆ. ಮೊದಲನೆಯದು ಪಿಎಚ್, ಅಂದರೆ ರಕ್ತ ಎಷ್ಟು ಆಮ್ಲೀಯ ಎಂಬುದು. ಆರೋಗ್ಯವಂತರಲ್ಲಿ ಇದು 7.35ರಿಂದ 7.45ರ ಒಳಗೆ ಇರುತ್ತದೆ. ಅದಕ್ಕಿಂತ ಇಳಿದರೆ ರಕ್ತ ಆಮ್ಲೀಯವಾಗಿದೆ ಎಂದರ್ಥ. ಎರಡನೆಯದು ಇಂಗಾಲದ ಡೈಆಕ್ಸೈಡ್‌ನ ಒತ್ತಡ, ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್ ಪಾದರಸ. ಮೂರನೆಯದು ಆಕ್ಸಿಜನ್‌ನ ಒತ್ತಡ. ನಾಲ್ಕನೆಯದು ಬೈಕಾರ್ಬನೇಟ್, ಅಂದರೆ ಆಮ್ಲವನ್ನು ತಣಿಸಲು ರಕ್ತದಲ್ಲಿರುವ ದಾಸ್ತಾನು. ಇದರ ಸಾಮಾನ್ಯ ಮಟ್ಟ ಲೀಟರ್‌ಗೆ 22ರಿಂದ 26 ಮಿಲಿಮೋಲ್. ಐದನೆಯದು ಲ್ಯಾಕ್ಟೇಟ್. ಇದನ್ನು ಎಲ್ಲ ಯಂತ್ರಗಳೂ ಅಳೆಯುವುದಿಲ್ಲ. ಜೀವಕೋಶಗಳಿಗೆ ಆಕ್ಸಿಜನ್ ಸಾಲದೆ ಹೋದಾಗ, ಅಥವಾ ಇದ್ದರೂ ಬಳಸಲು ಆಗದೇ ಇದ್ದಾಗ ಲ್ಯಾಕ್ಟೇಟ್ ಏರುತ್ತದೆ. ಸಾಮಾನ್ಯವಾಗಿ ಇದು ಲೀಟರ್‌ಗೆ 2 ಮಿಲಿಮೋಲ್‌ಗಿಂತ ಕಡಿಮೆ ಇರುತ್ತದೆ.

ಗಮನಿಸಿ, ಈ ಐದರಲ್ಲಿ ಯಾವುದೂ ವಿಷವನ್ನು ಅಳೆಯುವುದಿಲ್ಲ. ಯಾವ ಕೀಟನಾಶಕ, ಎಷ್ಟು ಒಳಗೆ ಹೋಗಿದೆ ಎಂದು ಎಬಿಜಿ ಹೇಳುವುದಿಲ್ಲ. ಉಸಿರಾಟ, ರಕ್ತ ಸಂಚಾರ, ಜೀವಕೋಶಗಳು ಆ ವಿಷದ ಎದುರು ಎಷ್ಟರ ಮಟ್ಟಿಗೆ ತಡೆದುಕೊಂಡಿವೆ ಎಂದು ಮಾತ್ರ ಹೇಳುತ್ತದೆ. ಅದರ ಬಲವೂ ಅಲ್ಲೇ ಇದೆ, ಮಿತಿಯೂ ಅಲ್ಲೇ ಇದೆ.

ವಿಷ ಉಸಿರನ್ನು ಕಟ್ಟುವ ಬಗೆ

ಈ ವಿಷಯದ ಬಹುಪಾಲು ಅಧ್ಯಯನಗಳು ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳ ಮೇಲೆ ನಡೆದಿವೆ. ಆ ಗುಂಪು ಕೆಲಸ ಮಾಡುವ ರೀತಿ ತಿಳಿದರೆ ಎಬಿಜಿ ಯಾಕೆ ಇಷ್ಟು ಮುಖ್ಯ ಎಂಬುದು ತಾನಾಗೇ ಅರ್ಥವಾಗುತ್ತದೆ.

ನರಗಳು ಸ್ನಾಯುಗಳಿಗೂ ಗ್ರಂಥಿಗಳಿಗೂ ಸಂದೇಶ ಕಳಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವ ಇದೆ. ಆರ್ಗನೋಫಾಸ್ಫರಸ್ ವಿಷ ಈ ಕಿಣ್ವವನ್ನೇ ನಿಲ್ಲಿಸಿಬಿಡುತ್ತದೆ. ಒಮ್ಮೆ ಆನ್ ಆದ ಸ್ವಿಚ್ ಆಫ್ ಆಗದೇ ಉಳಿದ ಹಾಗೆ, ಸಂದೇಶ ನಿಲ್ಲದೆ ಹೋಗುತ್ತಲೇ ಇರುತ್ತದೆ.

ಇದರಿಂದ ಉಸಿರಾಟಕ್ಕೆ ಒಟ್ಟಿಗೇ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಶ್ವಾಸನಾಳದ ಗ್ರಂಥಿಗಳು ಮಿತಿ ಮೀರಿ ದ್ರವ ಸುರಿಸುತ್ತವೆ. ಶ್ವಾಸಕೋಶ ತುಂಬಿಕೊಂಡು ಆಕ್ಸಿಜನ್ ರಕ್ತಕ್ಕೆ ಇಳಿಯುವುದು ಕಷ್ಟವಾಗುತ್ತದೆ. ಇನ್ನೊಂದು ಕಡೆ ಎದೆಯ ಸ್ನಾಯುಗಳು, ವಪೆ ಮೊದಲು ಅದುರಿ ಆಮೇಲೆ ಸೋತುಹೋಗುತ್ತವೆ. ಮೂರನೆಯದಾಗಿ ಮೆದುಳಿನಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವೇ ಮಂದವಾಗುತ್ತದೆ. ಹೃದಯದ ಬಡಿತ ನಿಧಾನವಾಗಬಹುದು, ರಕ್ತದ ಒತ್ತಡ ಕುಸಿಯಬಹುದು, ಫಿಟ್ಸ್ ಬರಬಹುದು.

ಈ ವಿಷದಿಂದ ಆಗುವ ಸಾವುಗಳಿಗೆ ಮುಖ್ಯ ಕಾರಣ ಉಸಿರಾಟ ಸೋಲುವುದು. ಉಸಿರಾಟ ಎಷ್ಟು ಸರಿಯಾಗಿ ನಡೆದಿದೆ ಎಂದು ನೇರವಾಗಿ ತೋರಿಸುವ ಪರೀಕ್ಷೆ ಎಬಿಜಿ. ಆದ್ದರಿಂದ ರೋಗಿಯ ಗತಿಗೂ ಎಬಿಜಿಗೂ ನಂಟು ಇದ್ದೇ ಇರಬೇಕು, ಅಲ್ವಾ? ಸಂಶೋಧಕರ ಆಸಕ್ತಿ ಹುಟ್ಟಿದ್ದು ಈ ತರ್ಕದಿಂದಲೇ.

ಆಮ್ಲ ಏರುವ ಎರಡು ದಾರಿಗಳು

ರಕ್ತ ಆಮ್ಲೀಯವಾಗಿದೆ ಅಂದರೆ ಸಾಲದು. ಯಾವ ದಾರಿಯಿಂದ ಆಯಿತು ಅನ್ನುವುದು ಮುಖ್ಯ.

ಉಸಿರು ಕ್ಷೀಣಿಸಿದರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ಅದು ರಕ್ತದಲ್ಲಿ ಕರಗಿ ಆಮ್ಲವಾಗುತ್ತದೆ. ಇದು ಉಸಿರಾಟದ ಆಮ್ಲತೆ. ಡೈಆಕ್ಸೈಡ್‌ನ ಒತ್ತಡ ದಿಢೀರನೆ 10 ಮಿಲಿಮೀಟರ್ ಏರಿದರೆ ಪಿಎಚ್ ಸುಮಾರು 0.08ರಷ್ಟು ಇಳಿಯುತ್ತದೆ.

ಎರಡನೇ ದಾರಿ ಜೀವಕೋಶಗಳದ್ದು. ರಕ್ತದೊತ್ತಡ ಬಿದ್ದು ಅಂಗಾಂಗಗಳಿಗೆ ರಕ್ತ ತಲುಪದಿದ್ದರೆ, ಆಕ್ಸಿಜನ್ ಕಡಿಮೆಯಾದರೆ, ಫಿಟ್ಸ್‌ನಿಂದ ಸ್ನಾಯುಗಳು ಸತತವಾಗಿ ದುಡಿದರೆ ಲ್ಯಾಕ್ಟೇಟ್ ಏರುತ್ತದೆ, ಬೈಕಾರ್ಬನೇಟ್ ದಾಸ್ತಾನು ಕರಗುತ್ತದೆ. ಇದು ಚಯಾಪಚಯದ ಆಮ್ಲತೆ.

ತೈವಾನ್‌ನ ವೈದ್ಯರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಆರ್ಗನೋಫಾಸ್ಫರಸ್ ರೋಗಿಗಳನ್ನು ಹೀಗೇ ವಿಂಗಡಿಸಿ ನೋಡಿತು: ಆಮ್ಲತೆ ಇಲ್ಲದವರು, ಉಸಿರಾಟದ ಆಮ್ಲತೆ ಇರುವವರು, ಚಯಾಪಚಯದ ಆಮ್ಲತೆ ಇರುವವರು, ಎರಡೂ ಬೆರೆತವರು. ಉಸಿರಾಟದ ಆಮ್ಲತೆ ಇದ್ದು ತೀರಿಕೊಂಡವರಲ್ಲಿ ಮುಖ್ಯ ಕಾರಣ ಉಸಿರಾಟದ ಸೋಲು. ಚಯಾಪಚಯದ ಆಮ್ಲತೆ ಇದ್ದವರಲ್ಲಿ ಹೃದಯ ಮತ್ತು ರಕ್ತ ಸಂಚಾರದ ಸೋಲು. ನನ್ನ ಮಟ್ಟಿಗೆ ಇದು ಬರೀ ಅಪಾಯದ ಪ್ರಮಾಣ ಹೇಳುವುದಕ್ಕಿಂತ ಹೆಚ್ಚು ಉಪಯೋಗದ ಮಾಹಿತಿ. ಯಾಕೆಂದರೆ ಅಪಾಯ ಯಾವ ದಿಕ್ಕಿನಿಂದ ಬರಬಹುದು ಎಂದು ಅದು ಹೇಳುತ್ತದೆ. ಒಬ್ಬರಿಗೆ ವೆಂಟಿಲೇಟರ್ ತುರ್ತು, ಇನ್ನೊಬ್ಬರಿಗೆ ರಕ್ತದೊತ್ತಡ ಎತ್ತುವುದು ತುರ್ತು.

ನಾರ್ಮಲ್ ಅಂಕಿ ಮೋಸ ಮಾಡುವ ಸಂದರ್ಭ

ಎಬಿಜಿ ಓದುವುದರಲ್ಲಿ ಅತಿ ಸೂಕ್ಷ್ಮವಾದ, ಅತಿ ಬೇಗ ಕೈತಪ್ಪುವ ವಿಷಯ ಇದು.

ರಕ್ತದಲ್ಲಿ ಆಮ್ಲ ಹೆಚ್ಚಾದ ಕೂಡಲೇ ದೇಹ ಜೋರಾಗಿ ಉಸಿರಾಡಲು ಶುರು ಮಾಡುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹಾಕಿ ಆಮ್ಲವನ್ನು ತಗ್ಗಿಸುವ ಪ್ರಯತ್ನ ಅದು. ಬೈಕಾರ್ಬನೇಟ್ ಎಷ್ಟು ಇಳಿದರೆ ಡೈಆಕ್ಸೈಡ್ ಎಷ್ಟು ಇಳಿಯಬೇಕು ಅನ್ನುವುದಕ್ಕೆ ವೈದ್ಯರು ಬಳಸುವ ಒಂದು ಸೂತ್ರ ಇದೆ, ಹೆಸರು ವಿಂಟರ್ಸ್ ಸೂತ್ರ. ಬೈಕಾರ್ಬನೇಟನ್ನು 1.5ರಿಂದ ಗುಣಿಸಿ 8 ಕೂಡಿಸಬೇಕು. ಎರಡು ಅಂಕ ಆಚೀಚೆ ಆಗಬಹುದು.

ಒಬ್ಬ ರೋಗಿಯ ಬೈಕಾರ್ಬನೇಟ್ 12 ಇದೆ ಎಂದುಕೊಳ್ಳಿ. ಸೂತ್ರದ ಪ್ರಕಾರ ಡೈಆಕ್ಸೈಡ್ ಸುಮಾರು 26ಕ್ಕೆ ಇಳಿದಿರಬೇಕು. ಹಾಗೆ ಇಳಿದಿದ್ದರೆ ಪಿಎಚ್ ಸುಮಾರು 7.29 ಆಗುತ್ತದೆ. ಕಾಯಿಲೆ ಇದೆ, ಆದರೆ ಉಸಿರಾಟ ಇನ್ನೂ ಹೋರಾಡುತ್ತಿದೆ.

ಈಗ ಅದೇ ರೋಗಿಯ ರಿಪೋರ್ಟ್‌ನಲ್ಲಿ ಡೈಆಕ್ಸೈಡ್ 40 ಎಂದು ಬಂದಿದೆ ಅಂದುಕೊಳ್ಳಿ. 35ರಿಂದ 45ರ ಒಳಗೇ ಇದೆ. ಯಂತ್ರ ಅದರ ಪಕ್ಕದಲ್ಲಿ ಕೆಂಪು ಗುರುತು ಹಾಕುವುದಿಲ್ಲ. ಸುಮ್ನೆ ಕಣ್ಣಾಡಿಸಿದವರಿಗೆ ಅದು ನಾರ್ಮಲ್. ಆದರೆ 26 ಇರಬೇಕಾದ ಜಾಗದಲ್ಲಿ 40 ಇದೆ ಅಂದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ, ಅಥವಾ ಮೆದುಳಿನಿಂದ ಆದೇಶ ಸರಿಯಾಗಿ ಬರುತ್ತಿಲ್ಲ. ಪಿಎಚ್ ಲೆಕ್ಕ ಹಾಕಿದರೆ 7.10. ಇದು ತೀವ್ರ ಅಪಾಯದ ಸ್ಥಿತಿ. ಇಂಥ ರೋಗಿಗೆ ವೆಂಟಿಲೇಟರ್ ಬೇಕೇ ಎಂಬ ತೀರ್ಮಾನ ಆಗ, ಅಲ್ಲೇ ಆಗಬೇಕು.

ಇದರ ಜೊತೆಗೇ ಇನ್ನೊಂದು ಮರೆ ಇದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಎಲ್ಲರಿಗೂ ಗೊತ್ತು. ಅದು ಆಕ್ಸಿಜನ್ ಮಟ್ಟವನ್ನೂ ನಾಡಿಯನ್ನೂ ತೋರಿಸುತ್ತದೆ, ಡೈಆಕ್ಸೈಡ್ ತೋರಿಸುವುದಿಲ್ಲ. ರೋಗಿಗೆ ಮಾಸ್ಕ್ ಮೂಲಕ ಆಕ್ಸಿಜನ್ ಕೊಡುತ್ತಿದ್ದರೆ, ಉಸಿರು ಕ್ಷೀಣಿಸಿದ ಮೇಲೂ ಆಕ್ಸಿಮೀಟರ್ ಸ್ವಲ್ಪ ಹೊತ್ತು 97, 98 ಎಂದು ತೋರಿಸುತ್ತಲೇ ಇರಬಹುದು. ಒಳಗೆ ಡೈಆಕ್ಸೈಡ್ ಏರುತ್ತಿರುತ್ತದೆ. ಹೊರಗೆ ನಿಂತವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆಕ್ಸಿಮೀಟರ್‌ಗೆ ಕಾಣದ ಈ ಏರಿಕೆಯನ್ನು ಎಬಿಜಿ ಹಿಡಿಯುತ್ತದೆ.

ಹೀಗಾಗಿ ಒಂದೊಂದೇ ಅಂಕಿಯನ್ನು ನಾರ್ಮಲ್ ಪಟ್ಟಿಯ ಜೊತೆ ಹೋಲಿಸಿ ನೋಡುವುದು ಎಬಿಜಿ ಓದುವ ಸರಿಯಾದ ಕ್ರಮ ಅಲ್ಲ. ಒಂದು ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಓದಬೇಕು. "ಪಿಎಚ್ ಇಷ್ಟಕ್ಕಿಂತ ಕಡಿಮೆ ಇದ್ದರೆ ಅಪಾಯ" ಎಂದು ಒಂದೇ ಗೆರೆ ಎಳೆಯುವ ಸುದ್ದಿಗಳು ಈ ಸೂಕ್ಷ್ಮವನ್ನು ಪೂರ್ತಿ ಬಿಟ್ಟುಬಿಡುತ್ತವೆ.

ಪರವಾಗಿ ಇರುವ ವಾದ

ಈ ಪರೀಕ್ಷೆಯನ್ನು ಭವಿಷ್ಯ ಅಂದಾಜಿಸಲು ಬಳಸಬೇಕು ಎನ್ನುವವರ ವಾದ ಗಟ್ಟಿಯಾಗಿಯೇ ಇದೆ. ಮೊದಲ ಕಾರಣ ವೇಗ. ವಿಷದ ಪ್ರಮಾಣವನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆ ಹೆಚ್ಚಿನ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಕೋಲಿನೆಸ್ಟರೇಸ್ ಪರೀಕ್ಷೆ ವಿಷ ತಗಲಿದ್ದನ್ನು ಖಚಿತಪಡಿಸಲು ನೆರವಾಗುತ್ತದೆ. ಆದರೆ ಪ್ಲಾಸ್ಮಾದಲ್ಲಿ ಅಳೆಯುವ ಕೋಲಿನೆಸ್ಟರೇಸ್‌ಗೂ ಕಾಯಿಲೆಯ ತೀವ್ರತೆಗೂ ಹೊಂದಾಣಿಕೆ ಅಷ್ಟಾಗಿ ಇಲ್ಲ. ಒಬ್ಬೊಬ್ಬರ ಸಹಜ ಮಟ್ಟವೇ ಬೇರೆ ಬೇರೆ ಇರುತ್ತದೆ.

ಎರಡನೆಯದು, ತೀವ್ರ ನಿಗಾ ಘಟಕಗಳಲ್ಲಿ ಈ ಅಂಕಿಗಳಿಗೆ ಆಗಲೇ ಜಾಗ ಇದೆ. ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂದು ಅಳೆಯಲು 1985ರಿಂದ ಬಳಕೆಯಲ್ಲಿರುವ ಅಪಾಚೆ-2 ಎಂಬ ಅಂಕ ಪದ್ಧತಿ ಅಪಧಮನಿ ರಕ್ತದ ಪಿಎಚ್ ಮತ್ತು ಆಕ್ಸಿಜನ್ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸೋಫಾ ಎಂಬ ಇನ್ನೊಂದು ಪದ್ಧತಿಯೂ ರಕ್ತದ ಆಕ್ಸಿಜನ್ ಅಳತೆಯನ್ನು ಬಳಸುತ್ತದೆ. ಎಲ್ಲ ಬಗೆಯ ಗಂಭೀರ ರೋಗಿಗಳಿಗೆ ಕೆಲಸಕ್ಕೆ ಬರುವ ಅಂಕಿ ಕೀಟನಾಶಕದ ರೋಗಿಗಳಿಗೆ ಮಾತ್ರ ಬೇಡ ಎನ್ನಲು ಕಾರಣ ಇಲ್ಲ.

ಮೂರನೆಯದು ಹಾಸಿಗೆಗಳ ಪ್ರಶ್ನೆ. ಐಸಿಯು ಹಾಸಿಗೆ, ವೆಂಟಿಲೇಟರ್ ಎಲ್ಲ ಕಡೆ ಕಡಿಮೆಯೇ. ಯಾರನ್ನು ಮೊದಲು ಒಳಗೆ ಕರೆದೊಯ್ಯಬೇಕು, ಯಾರನ್ನು ದೊಡ್ಡ ಆಸ್ಪತ್ರೆಗೆ ತಕ್ಷಣ ಕಳಿಸಬೇಕು ಎಂದು ತೀರ್ಮಾನಿಸುವ ವೈದ್ಯರಿಗೆ ಕಣ್ಣಂದಾಜಿಗಿಂತ ಅಂಕಿ ಜಾಸ್ತಿ ಧೈರ್ಯ ಕೊಡುತ್ತದೆ.

ಅನುಮಾನಗಳು ಎಲ್ಲಿಂದ ಬರುತ್ತವೆ

ತೀರಿಕೊಂಡವರ ಗುಂಪಿನಲ್ಲಿ ಸರಾಸರಿ ಪಿಎಚ್ ಕಡಿಮೆ, ಲ್ಯಾಕ್ಟೇಟ್ ಜಾಸ್ತಿ ಎಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಕಂಡುಕೊಂಡಿವೆ. ಇದರಲ್ಲಿ ದೊಡ್ಡ ಜಗಳ ಇಲ್ಲ. ಜಗಳ ಇರುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಗುಂಪಿನ ಸರಾಸರಿ, ಎದುರಿಗೆ ಮಲಗಿರುವ ಒಬ್ಬ ವ್ಯಕ್ತಿಯ ಬಗ್ಗೆ ಎಷ್ಟು ಹೇಳಬಲ್ಲದು?

ಲೆಕ್ಕಕ್ಕೆ ಎಂದು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. 100 ರೋಗಿಗಳಿದ್ದಾರೆ. ಅವರಲ್ಲಿ 15 ಜನ ಉಳಿಯುವುದಿಲ್ಲ, 85 ಜನ ಉಳಿಯುತ್ತಾರೆ. ಪರೀಕ್ಷೆ ಎರಡೂ ಗುಂಪುಗಳಲ್ಲಿ ನೂರಕ್ಕೆ 80ರಷ್ಟು ಸರಿಯಾಗಿ ಗುರುತಿಸುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಉಳಿಯದ 15 ಜನರಲ್ಲಿ 12 ಜನರನ್ನು ಅದು ಹಿಡಿಯುತ್ತದೆ. ಉಳಿಯುವ 85 ಜನರಲ್ಲಿ 17 ಜನರನ್ನೂ ತಪ್ಪಾಗಿ ಅಪಾಯದ ಪಟ್ಟಿಗೆ ಸೇರಿಸುತ್ತದೆ. ಒಟ್ಟು 29 ಜನ ಅಪಾಯದ ಪಟ್ಟಿಯಲ್ಲಿ. ಅವರಲ್ಲಿ 17 ಜನ, ಅಂದರೆ ಅರ್ಧಕ್ಕಿಂತ ಹೆಚ್ಚು ಮಂದಿ, ಬದುಕುವವರೇ.

ಅದೇ ಪರೀಕ್ಷೆಯನ್ನು ನೂರಕ್ಕೆ 5 ಜನ ಮಾತ್ರ ಸಾಯುವ ಇನ್ನೊಂದು ಆಸ್ಪತ್ರೆಗೆ ಒಯ್ಯಿರಿ. ಆಗ ಅಪಾಯದ ಪಟ್ಟಿಯಲ್ಲಿ 23 ಜನ ಇರುತ್ತಾರೆ, ಅವರಲ್ಲಿ 19 ಜನ ಬದುಕುವವರು. ಪರೀಕ್ಷೆ ಬದಲಾಗಿಲ್ಲ. ರೋಗಿಗಳ ಗುಂಪು ಬದಲಾಗಿದೆ, ಅದಕ್ಕೆ ಫಲಿತಾಂಶದ ಅರ್ಥವೂ ಬದಲಾಗಿದೆ. ಒಂದು ಆಸ್ಪತ್ರೆಯಲ್ಲಿ ಹೊಳೆಯುವ ಅಂಕಿ ಇನ್ನೊಂದು ಕಡೆ ಮಂಕಾಗಲು ಇದೊಂದು ದೊಡ್ಡ ಕಾರಣ.

ಮೊದಲ ಉದಾಹರಣೆಯ ಇನ್ನೊಂದು ಬದಿಯನ್ನೂ ನೋಡಿ. ಅಪಾಯ ಇಲ್ಲ ಎಂದು ಪರೀಕ್ಷೆ ಹೇಳಿದ 71 ಜನರಲ್ಲಿ 68 ಜನ ಬದುಕುತ್ತಾರೆ, 3 ಜನ ಬದುಕುವುದಿಲ್ಲ. "ರಿಪೋರ್ಟ್ ಚೆನ್ನಾಗಿದೆ" ಎಂದು ನಿಗಾ ಸಡಿಲಿಸಿದರೆ ಆ ಮೂವರ ಗತಿ ಏನು?

ಸಂಶೋಧನೆ ನಡೆಯುವ ರೀತಿಯಲ್ಲೂ ತೊಡಕುಗಳಿವೆ. ಅನೇಕ ಅಧ್ಯಯನಗಳು ಒಂದೇ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಆಧರಿಸಿವೆ, ರೋಗಿಗಳ ಸಂಖ್ಯೆ ಕಡಿಮೆ. ಕಾಯಿಲೆ ಜೋರಾಗಿ ಕಂಡವರಿಗೆ ಮಾತ್ರ ಎಬಿಜಿ ಮಾಡಿದ್ದರೆ, ಸೌಮ್ಯವಾಗಿದ್ದವರು ಲೆಕ್ಕದಿಂದಲೇ ಹೊರಗೆ ಉಳಿಯುತ್ತಾರೆ. ಅಪಾಯದ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಅದೇ ರೋಗಿಗಳ ಅಂಕಿಯಿಂದ ಹುಡುಕಿ, ಅದೇ ರೋಗಿಗಳ ಮೇಲೆ ಪರೀಕ್ಷಿಸಿದರೆ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಬೇರೆ ಊರಿನ, ಬೇರೆ ರೋಗಿಗಳ ಮೇಲೆ ಅದು ನಿಲ್ಲಬೇಕು.

ಇನ್ನು ಸಮಯ. ವಿಷ ದೇಹ ಸೇರಿ ಒಂದು ಗಂಟೆಗೆ ತೆಗೆದ ರಕ್ತವೂ ಎಂಟು ಗಂಟೆಗೆ ತೆಗೆದ ರಕ್ತವೂ ಒಂದೇ ಅಲ್ಲ. ಮೊದಲ ಆಸ್ಪತ್ರೆಯಲ್ಲಿ ಅಟ್ರೋಪಿನ್ (ಈ ವಿಷಕ್ಕೆ ಕೊಡುವ ಔಷಧಿ), ಆಕ್ಸಿಜನ್, ಸಲೈನ್ ಸಿಕ್ಕಿದ ರೋಗಿಯ ಅಂಕಿ ಆಗಲೇ ಬದಲಾಗಿರುತ್ತದೆ. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೂ, ರಕ್ತ ಯಂತ್ರಕ್ಕೆ ಹೋಗುವುದು ತಡವಾದರೂ ಅಂಕಿ ತಪ್ಪುತ್ತದೆ. ತೆಗೆದಿಟ್ಟ ರಕ್ತದಲ್ಲಿನ ಜೀವಕೋಶಗಳು ಆಕ್ಸಿಜನ್ ಬಳಸುತ್ತಲೇ ಇರುತ್ತವೆ, ಲ್ಯಾಕ್ಟೇಟ್ ಉತ್ಪಾದಿಸುತ್ತಲೇ ಇರುತ್ತವೆ.

ಕೀಟನಾಶಕ ಎಂಬುದು ಒಂದೇ ವಿಷ ಅಲ್ಲ

ಸುದ್ದಿಯಲ್ಲಿ "ಕೀಟನಾಶಕ" ಎಂಬ ಒಂದೇ ಪದ ಇರುತ್ತದೆ. ಅದರ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತಾರು ರಾಸಾಯನಿಕಗಳಿವೆ.

ಕಾರ್ಬಮೇಟ್ ಗುಂಪು ಕೂಡ ಕೋಲಿನೆಸ್ಟರೇಸನ್ನೇ ತಡೆಯುತ್ತದೆ, ಆದರೆ ಆ ತಡೆ ತಾನಾಗಿ ಬಿಡುತ್ತದೆ. ಧಾನ್ಯ ಕಾಪಾಡಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಜೀವಕೋಶಗಳು ಆಕ್ಸಿಜನ್ ಬಳಸುವ ವ್ಯವಸ್ಥೆಯನ್ನೇ ಕೆಡಿಸುತ್ತದೆ, ಹೃದಯಕ್ಕೆ ನೇರ ಪೆಟ್ಟು ಕೊಡುತ್ತದೆ. ಅಲ್ಲಿ ಉಸಿರಾಟ ಚೆನ್ನಾಗಿದ್ದರೂ ಚಯಾಪಚಯದ ಆಮ್ಲತೆ ತೀವ್ರವಾಗಿರಬಹುದು. ಪ್ಯಾರಾಕ್ವಾಟ್ ಎಂಬ ಕಳೆನಾಶಕದಲ್ಲಿ ಶ್ವಾಸಕೋಶದ ಹಾನಿ ನಿಧಾನವಾಗಿ ಬೆಳೆಯುತ್ತದೆ. ಮೊದಲ ದಿನದ ಆಕ್ಸಿಜನ್ ಅಂಕಿ ಚೆನ್ನಾಗಿದೆ ಎಂದು ನಿರಾಳವಾಗುವ ಹಾಗಿಲ್ಲ. ಅಷ್ಟೇ ಅಲ್ಲ, ಅಗತ್ಯ ಮೀರಿ ಆಕ್ಸಿಜನ್ ಕೊಟ್ಟರೆ ಆ ಹಾನಿ ಹೆಚ್ಚುತ್ತದೆ ಎಂಬ ಎಚ್ಚರವೂ ಬೇಕು.

ಆರ್ಗನೋಫಾಸ್ಫರಸ್ ಗುಂಪಿನ ಒಳಗೂ ವ್ಯತ್ಯಾಸ ಇದೆ. ಶ್ರೀಲಂಕಾದ ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಸ್ಪತ್ರೆಗೆ ಬಂದಾಗಿನ ಎಚ್ಚರದ ಮಟ್ಟದಿಂದ ಮುಂದಿನ ಗತಿಯನ್ನು ಅಂದಾಜಿಸಬಹುದೇ ಎಂದು ನೋಡಿತು. ಕೆಲವು ಕೀಟನಾಶಕಗಳಲ್ಲಿ ಅಂದಾಜು ಚೆನ್ನಾಗಿ ಹೊಂದಿತು. ಫೆಂಥಿಯಾನ್ ವಿಷಯದಲ್ಲಿ ಹೊಂದಲಿಲ್ಲ. ತೀರಿಕೊಂಡವರಲ್ಲಿ ಅರ್ಧದಷ್ಟು ಜನ ಬಂದಾಗ ಸೌಮ್ಯ ಲಕ್ಷಣಗಳನ್ನಷ್ಟೇ ತೋರಿಸಿದ್ದರು. ಅದು ಕೊಬ್ಬಿನಲ್ಲಿ ಕರಗುವ ವಿಷ, ಪರಿಣಾಮ ತಡವಾಗಿ ಕಾಣುತ್ತದೆ. ಈ ಅಧ್ಯಯನ ಎಬಿಜಿ ಕುರಿತದ್ದಲ್ಲ. ಆದರೆ ಬಂದ ಹೊತ್ತಿನ ಸ್ಥಿತಿಯನ್ನು ಅಳೆಯುವ ಯಾವುದೇ ಪರೀಕ್ಷೆಗೂ ಇದೇ ತೊಡಕು ಇದೆ.

ಡಬ್ಬಿಯಲ್ಲಿರುವುದು ಮೂಲ ವಿಷ ಮಾತ್ರವೂ ಅಲ್ಲ. ಅದನ್ನು ಕರಗಿಸಿಡುವ ದ್ರಾವಕಗಳಿರುತ್ತವೆ. ಹಂದಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಒಂದು ಆರ್ಗನೋಫಾಸ್ಫರಸ್ ಕೀಟನಾಶಕದ ತೀವ್ರತೆಗೆ ಅದರ ದ್ರಾವಕವೂ ಕಾರಣ ಎಂದು ಕಂಡುಬಂತು. ಹಾಗಾಗಿ ರೋಗಿಯನ್ನು ಕರೆತರುವವರು ಡಬ್ಬಿಯನ್ನೋ ಅದರ ಲೇಬಲ್‌ನ ಫೋಟೋವನ್ನೋ ತಂದರೆ ಎಬಿಜಿ ರಿಪೋರ್ಟ್‌ಗೆ ಅರ್ಥ ಕೊಡಲು ವೈದ್ಯರಿಗೆ ನಿಜಕ್ಕೂ ನೆರವಾಗುತ್ತದೆ. ಹುಡುಕುತ್ತಾ ತಡ ಮಾಡಬಾರದು, ಅಷ್ಟೇ.

ಎರಡು, ಮೂರನೇ ದಿನ ಬರುವ ಕುಸಿತ

1987ರಲ್ಲಿ ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಲ್ಲಿಯೆಡ್ಡೆ ಒಂದು ಸ್ಥಿತಿಯನ್ನು ವಿವರಿಸಿದರು. ಆರ್ಗನೋಫಾಸ್ಫರಸ್ ರೋಗಿ ಮೊದಲ ಹಂತದಿಂದ ಚೇತರಿಸಿಕೊಂಡಿರುತ್ತಾರೆ. 24ರಿಂದ 96 ಗಂಟೆಗಳ ನಡುವೆ ಕತ್ತು, ಭುಜ, ಉಸಿರಾಟದ ಸ್ನಾಯುಗಳು ಇದ್ದಕ್ಕಿದ್ದಂತೆ ಸೋಲುತ್ತವೆ. ಇದನ್ನು ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಎನ್ನುತ್ತಾರೆ. ಅಟ್ರೋಪಿನ್ ಇದನ್ನು ತಡೆಯುವುದಿಲ್ಲ. ಸಮಯಕ್ಕೆ ಸರಿಯಾಗಿ ವೆಂಟಿಲೇಟರ್ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳಬಲ್ಲರು.

ಬಂದ ದಿನದ ಎಬಿಜಿ ಒಂದನ್ನೇ ಹಿಡಿದು ಭವಿಷ್ಯ ಹೇಳುವವರಿಗೆ ಇದು ದೊಡ್ಡ ಸವಾಲು. ಮೊದಲ ದಿನ ಅಂಕಿ ಚೆನ್ನಾಗಿತ್ತು, ರೋಗಿ ಮಾತಾಡುತ್ತಿದ್ದರು, ವಾರ್ಡಿಗೆ ಕಳಿಸಿದರು, ಮೂರನೇ ದಿನ ಉಸಿರು ನಿಂತಿತು. ರೋಗಿಗೆ ತಲೆ ಎತ್ತಿ ಹಿಡಿಯಲು ಆಗುತ್ತಿದೆಯೇ ಎಂದು ಆಗಾಗ ನೋಡುವುದು ಇಲ್ಲಿ ಸರಳವಾದ, ಕಾಸು ಖರ್ಚಿಲ್ಲದ ಎಚ್ಚರಿಕೆ. ಕತ್ತು ಸೋಲುವುದು ಕಂಡ ತಕ್ಷಣ ಮತ್ತೆ ಎಬಿಜಿ ಮಾಡಿ ಡೈಆಕ್ಸೈಡ್ ಏರುತ್ತಿದೆಯೇ ಎಂದು ನೋಡಬೇಕು.

ಅಂಕಿ ಸರಿಪಡಿಸಿದರೆ ರೋಗಿ ಸರಿಹೋಗುತ್ತಾರಾ

ಆಮ್ಲತೆಯಿಂದ ಅಪಾಯ ಎಂದಾದರೆ, ಸೋಡಿಯಂ ಬೈಕಾರ್ಬನೇಟ್ ಕೊಟ್ಟು ಆಮ್ಲ ತಗ್ಗಿಸಿದರೆ ಆಯಿತಲ್ಲ ಎಂಬ ಪ್ರಶ್ನೆ ಸಹಜ. ಇದನ್ನು ಪ್ರಯತ್ನಿಸಿದವರೂ ಇದ್ದಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2005ರ ಪರಿಶೀಲನೆ ಲಭ್ಯವಿದ್ದ ಪುರಾವೆಗಳನ್ನು ಜೋಡಿಸಿ ನೋಡಿತು. ಇದನ್ನು ರೂಢಿಯ ಚಿಕಿತ್ಸೆಯಾಗಿ ಬೆಂಬಲಿಸಲು ಪುರಾವೆ ಸಾಲದು ಎಂದಿತು. ಹೆಚ್ಚಿನ ಸಲ ಆಮ್ಲತೆ ಎಂಬುದು ಹದಗೆಟ್ಟ ಉಸಿರಾಟದ, ಹದಗೆಟ್ಟ ರಕ್ತ ಸಂಚಾರದ ಗುರುತು. ಶ್ವಾಸನಾಳದ ದ್ರವ ಒಣಗಲು ಅಟ್ರೋಪಿನ್, ಉಸಿರಿಗೆ ಆಕ್ಸಿಜನ್ ಮತ್ತು ವೆಂಟಿಲೇಟರ್, ರಕ್ತದೊತ್ತಡಕ್ಕೆ ಸಲೈನ್ ಮತ್ತು ಔಷಧಿ, ಫಿಟ್ಸ್‌ಗೆ ಬೆಂಜೋಡಯಜೆಪಿನ್. ಇವು ಕೆಲಸ ಮಾಡಿದರೆ ಪಿಎಚ್ ಹಿಂದೆಯೇ ಸುಧಾರಿಸುತ್ತದೆ.

ಭವಿಷ್ಯ ಹೇಳುವುದರಲ್ಲಿರುವ ಅಪಾಯ

ಈ ಚರ್ಚೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಭಾಗ.

ಪಿಎಚ್ ತುಂಬಾ ಕಡಿಮೆ ಇರುವ ರೋಗಿ ಉಳಿಯುವುದಿಲ್ಲ ಎಂಬ ನಂಬಿಕೆ ಒಂದು ಆಸ್ಪತ್ರೆಯಲ್ಲಿ ಬೇರೂರಿತು ಎಂದುಕೊಳ್ಳಿ. ಇರುವ ಒಂದು ವೆಂಟಿಲೇಟರ್ ಬೇರೆಯವರಿಗೆ ಹೋಗುತ್ತದೆ. ಮನೆಯವರಿಗೆ "ಆಸೆ ಇಟ್ಟುಕೊಳ್ಳಬೇಡಿ" ಎಂದು ಹೇಳಲಾಗುತ್ತದೆ. ಖರ್ಚಿಗೆ ಹೆದರಿ ಅವರು ರೋಗಿಯನ್ನು ಕರೆದೊಯ್ಯಬಹುದು. ರೋಗಿ ತೀರಿಕೊಳ್ಳುತ್ತಾರೆ. ದಾಖಲೆಯಲ್ಲಿ "ಕಡಿಮೆ ಪಿಎಚ್, ಸಾವು" ಎಂದು ಸೇರುತ್ತದೆ. ಮುಂದಿನ ಅಧ್ಯಯನದಲ್ಲಿ ಆ ಅಂಕಿ ಇನ್ನಷ್ಟು ಬಲವಾಗಿ ಕಾಣುತ್ತದೆ. ಭವಿಷ್ಯವಾಣಿ ತನ್ನನ್ನು ತಾನೇ ನಿಜ ಮಾಡಿಕೊಳ್ಳುವುದು ಹೀಗೆ.

ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ. ಕೆಟ್ಟ ಅಂಕಿ ಕಂಡ ಕೂಡಲೇ ತಂಡ ಓಡಿಬಂದು ವೆಂಟಿಲೇಟರ್ ಹಾಕಿ ರೋಗಿಯನ್ನು ಉಳಿಸಿಕೊಂಡರೆ, ಲೆಕ್ಕದಲ್ಲಿ ಪರೀಕ್ಷೆಯ ಊಹೆ ತಪ್ಪಾಯಿತು ಎಂದು ದಾಖಲಾಗುತ್ತದೆ. ಪರೀಕ್ಷೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಕ್ಕೇ ಅಂಕಿಅಂಶದಲ್ಲಿ ದುರ್ಬಲವಾಗಿ ಕಾಣುತ್ತದೆ. ಎಚ್ಚರಿಕೆಗೂ ತೀರ್ಪಿಗೂ ಇರುವ ವ್ಯತ್ಯಾಸ ಮರೆತರೆ ಈ ಎರಡೂ ಸಂದರ್ಭಗಳನ್ನು ತಪ್ಪಾಗಿ ಓದುತ್ತೇವೆ.

ಆರ್ಗನೋಫಾಸ್ಫರಸ್ ರೋಗಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬಹಳ ಜನ ಚಿಕ್ಕ ವಯಸ್ಸಿನವರು, ಬೇರೆ ಕಾಯಿಲೆ ಇಲ್ಲದವರು. ಬಂದಾಗ ಪ್ರಜ್ಞೆ ಇಲ್ಲದೆ, ಉಸಿರು ಕಟ್ಟಿದ ಸ್ಥಿತಿಯಲ್ಲಿದ್ದವರೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದು ಗುಣಮುಖರಾಗಿ ಮನೆಗೆ ಹೋಗಬಲ್ಲರು. ಮನಸ್ಸಿನ ನೋವಿನಲ್ಲಿ ವಿಷ ತೆಗೆದುಕೊಂಡವರಿಗೆ ದೇಹ ಚೇತರಿಸಿಕೊಂಡ ಮೇಲೆ ಮನೋವೈದ್ಯರ, ಆಪ್ತಸಮಾಲೋಚಕರ, ಮನೆಯವರ ಜೊತೆ ಬೇಕು. ಅದೂ ಚಿಕಿತ್ಸೆಯ ಭಾಗವೇ. ಮೊದಲ ಗಂಟೆಯ ಒಂದು ಅಂಕಿ ನೋಡಿ ಕೈ ಚೆಲ್ಲಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಮುಂದೆ ಏನು ಬದಲಾಗಬಹುದು

ಒಂದೇ ಎಬಿಜಿಯಿಂದ ಸಾಲು ಎಬಿಜಿಗಳ ಕಡೆಗೆ ಗಮನ ಹೊರಳುವ ಲಕ್ಷಣ ಕಾಣುತ್ತಿದೆ. ಚಿಕಿತ್ಸೆ ಶುರುವಾದ ಮೇಲೆ ಲ್ಯಾಕ್ಟೇಟ್ ಇಳಿಯಿತೇ, ಪಿಎಚ್ ಏರಿತೇ, ಡೈಆಕ್ಸೈಡ್ ಅಲ್ಲೇ ನಿಂತಿದೆಯೇ ಎಂಬುದು ಮೊದಲ ಅಂಕಿಗಿಂತ ಹೆಚ್ಚು ಹೇಳುತ್ತದೆ. ಚಿಕಿತ್ಸೆಗೆ ದೇಹ ಸ್ಪಂದಿಸುತ್ತಿದೆಯೇ ಎಂಬ ಉತ್ತರ ಅದರಲ್ಲೇ ಇರುತ್ತದೆ.

ಪದೇ ಪದೇ ಅಪಧಮನಿಗೆ ಚುಚ್ಚುವುದು ನೋವಿನ ಕೆಲಸ. ಅಭಿಧಮನಿಯ ರಕ್ತದ ಪಿಎಚ್ ಅಪಧಮನಿಯದ್ದಕ್ಕಿಂತ ಸುಮಾರು 0.03ರಷ್ಟೇ ಕಡಿಮೆ ಇರುತ್ತದೆ. ಬೈಕಾರ್ಬನೇಟ್ ಕೂಡ ಹತ್ತಿರವೇ ಇರುತ್ತದೆ. ಹಾಗಾಗಿ ಈ ಎರಡರ ಏರಿಳಿತ ನೋಡಲು ಅಭಿಧಮನಿಯ ರಕ್ತ ಸಾಕಾಗಬಹುದು. ಆಕ್ಸಿಜನ್ ಅಳೆಯಲು ಅದು ಬರುವುದಿಲ್ಲ. ರಕ್ತದೊತ್ತಡ ಕುಸಿದ ರೋಗಿಯಲ್ಲಿ ಡೈಆಕ್ಸೈಡ್ ಅಂಕಿಯನ್ನೂ ನಂಬುವ ಹಾಗಿಲ್ಲ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳು ಈಗ ಇವೆ. ಸಣ್ಣ ಆಸ್ಪತ್ರೆಗಳಿಗೆ ಅವು ತಲುಪಿದರೆ, ರೋಗಿಯನ್ನು ಯಾವಾಗ ಬೇರೆ ಕಡೆಗೆ ಕಳಿಸಬೇಕು, ಕಳಿಸುವ ಮೊದಲು ಶ್ವಾಸನಾಳಕ್ಕೆ ಟ್ಯೂಬ್ ಹಾಕಬೇಕೇ ಎಂಬ ತೀರ್ಮಾನ ಬೇಗ ಆಗುತ್ತದೆ. ಆದರೆ ಅವಕ್ಕೆ ಕಾರ್ಟ್ರಿಜ್ ಬೇಕು, ನಿರ್ವಹಣೆ ಬೇಕು, ರಿಪೋರ್ಟ್ ಓದಬಲ್ಲ ಸಿಬ್ಬಂದಿ ಬೇಕು.

ಎಬಿಜಿಯನ್ನು ಹಾಸಿಗೆಯ ಪಕ್ಕದ ಪರೀಕ್ಷೆಯ ಜೊತೆ ಸೇರಿಸುವುದು ಇನ್ನೊಂದು ದಾರಿ. ಆರ್ಗನೋಫಾಸ್ಫರಸ್ ರೋಗಿಗಳಿಗೆಂದೇ ಇರುವ ಪೆರಾದೆನಿಯ ಅಂಕ ಪದ್ಧತಿಯಲ್ಲಿ ಪಾಪೆಯ ಗಾತ್ರ, ಉಸಿರಿನ ವೇಗ, ನಾಡಿ, ಸ್ನಾಯುಗಳ ಅದುರು, ಎಚ್ಚರದ ಮಟ್ಟ, ಫಿಟ್ಸ್ ಇವಕ್ಕೆ ಅಂಕ ಕೊಡುತ್ತಾರೆ. ಯಾವ ಯಂತ್ರವೂ ಬೇಕಿಲ್ಲ. ಈ ಅಂಕ, ಎಬಿಜಿಯ ಸಾಲು, ಯಾವ ಕೀಟನಾಶಕ ಎಂಬ ಮಾಹಿತಿ ಮೂರೂ ಸೇರಿದ ಅಂದಾಜು ಒಂಟಿ ಪಿಎಚ್‌ಗಿಂತ ಗಟ್ಟಿಯಾಗಿರುತ್ತದೆ ಎಂದು ನಿರೀಕ್ಷಿಸಲು ಕಾರಣ ಇದೆ. ಅದನ್ನು ಸಾಬೀತು ಮಾಡಲು ಹಲವು ಆಸ್ಪತ್ರೆಗಳು ಸೇರಬೇಕು. ಬಂದ ಪ್ರತಿ ರೋಗಿಗೂ ನಿಗದಿತ ಹೊತ್ತಿನಲ್ಲಿ ರಕ್ತ ತೆಗೆಯಬೇಕು. ಅಪಾಯದ ಗೆರೆಯನ್ನು ಮೊದಲೇ ಬರೆದಿಡಬೇಕು.

ಅಲ್ಲಿಯವರೆಗೆ ಐಸಿಯು ಬಾಗಿಲಲ್ಲಿ ನಿಂತ ಮನೆಯವರು ವೈದ್ಯರನ್ನು ಕೇಳಬಹುದಾದ ಪ್ರಶ್ನೆಗಳು ಇವು: ಮೊದಲ ರಿಪೋರ್ಟ್‌ಗಿಂತ ಎರಡನೆಯದು ಹೇಗಿದೆ? ಆಮ್ಲತೆ ಉಸಿರಾಟದಿಂದ ಬಂದದ್ದೋ, ರಕ್ತದೊತ್ತಡ ಬಿದ್ದದ್ದರಿಂದ ಬಂದದ್ದೋ? ಅದಕ್ಕೆ ಈಗ ಏನು ಕೊಡುತ್ತಿದ್ದೀರಿ? ಮತ್ತೆ ಯಾವಾಗ ರಕ್ತ ತೆಗೆದು ನೋಡುತ್ತೀರಿ?